ನಾಲಿಗೆ ಆಪರೇಷನ್ ಆದ ಮೇಲೆ ಅಪ್ಪನಿಗೆ ಗಂಜಿ ಇಳಿಯುತ್ತದೆ, ನೀರು ಕುಡಿದರೆ ಮಾತ್ರ ಕೆಮ್ಮು. ಯಾಕೆ ಹೀಗೆ?

ನಮ್ಮಪ್ಪನಿಗೂ ಥೇಟ್ ಹೀಗೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾಲಿಗೆಯ ಎಡಭಾಗದಲ್ಲಿ ಕ್ಯಾನ್ಸರ್. ಹತ್ತಿರ ಹತ್ತಿರ ಅರ್ಧ ನಾಲಿಗೆ ತೆಗೆದು, ಆ ಜಾಗಕ್ಕೆ ಮುಂಗೈ ಚರ್ಮ ತಂದು ಹೊಲಿದರು. ಆಮೇಲೆ ಆರು ವಾರ ರೇಡಿಯೇಷನ್. ನಮ್ಮೂರು ಹಾಸನದ ದುದ್ದದ ಕಡೆ, ನೀವು ಚಿಕ್ಕಮಗಳೂರು ಅಂದಿದ್ದೀರಿ, ಊಟದ ವಿಷಯ ಬೇಗ ಅರ್ಥವಾಗುತ್ತದೆ.

ನೀರು ಸಲೀಸಾಗಿ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ ಅಲ್ವಾ? ಇಂಥವರಿಗೆ ನೀರೇ ಜಾಸ್ತಿ ಕಷ್ಟ. ನಿಮ್ಮ ಗಂಟಲಮಣಿ ಮೇಲೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ ನೋಡಿ. ಅದು ಮೇಲಕ್ಕೆ ಎದ್ದು ಇಳಿಯುತ್ತದೆ. ಆ ಒಂದು ಕ್ಷಣದಲ್ಲಿ ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಅರ್ಧ ನಾಲಿಗೆಗೆ ನೀರನ್ನು ಬಾಯಲ್ಲಿ ಹಿಡಿದಿಡುವ ಶಕ್ತಿ ಇರುವುದಿಲ್ಲ, ದಾರಿ ಮುಚ್ಚುವ ಮೊದಲೇ ನೀರು ಹರಿದು ಶ್ವಾಸನಾಳದ ಕಡೆ ಹೋಗಿಬಿಡುತ್ತದೆ. ಗಂಜಿ ನಿಧಾನಕ್ಕೆ ಜಾರುತ್ತದೆ, ಗಂಟಲಿಗೆ ಸಮಯ ಸಿಗುತ್ತದೆ. ಅಷ್ಟೇ ವ್ಯತ್ಯಾಸ.

ಈಗ ಮುಖ್ಯವಾದ ಮಾತು. ಕೆಮ್ಮು ನಿಂತರೆ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ರೇಡಿಯೇಷನ್ ಮುಗಿದು ಎರಡು ತಿಂಗಳಿಗೆ ಅಪ್ಪನ ಕೆಮ್ಮು ತಾನಾಗೇ ನಿಂತಿತು. ನಮಗೆ ಎಷ್ಟು ಖುಷಿಯಾಯಿತು ಅಂದರೆ ಅಮ್ಮ ಮೊದಲಿನ ಹಾಗೆ ಲೋಟದ ತುಂಬ ಕಾಫಿ ಕೊಡೋಕೆ ಶುರು ಮಾಡಿದರು. ಹತ್ತೇ ದಿನಕ್ಕೆ ಸಾಯಂಕಾಲವಾದರೆ ಜ್ವರ, ಎದೆಯಲ್ಲಿ ಗೊರಗೊರ. ಎಕ್ಸ್‌ರೇ ತೆಗೆಸಿದರೆ ನ್ಯುಮೋನಿಯಾ. ಗಂಟಲಿನ ಸ್ಪರ್ಶವೇ ಮಂದವಾಗಿತ್ತು, ಕಾಫಿ ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬರುತ್ತಿರಲಿಲ್ಲ. ಆಮೇಲೆ ನಾವು ಕಲಿತದ್ದು ಏನೆಂದರೆ, ಪ್ರತಿ ನಾಲ್ಕೈದು ಗುಟುಕಿಗೆ ಒಮ್ಮೆ "ಆ..." ಅನ್ನಿಸುವುದು. ದನಿ ಒದ್ದೆಯಾಗಿ, ನೀರು ತುಂಬಿದ ಹಾಗೆ ಗಳಗಳ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ದನಿ ಸ್ವಚ್ಛವಾಗಿದ್ದರೂ ಪೂರ್ತಿ ಧೈರ್ಯ ಬೇಡ, ಪರೀಕ್ಷೆ ಮಾಡಿಸಲೇಬೇಕು.

ಅದನ್ನು ನೋಡುವವರು ಸ್ಪೀಚ್ ಥೆರಪಿಸ್ಟ್. ಡಿಸ್ಚಾರ್ಜ್ ಮಾಡುವಾಗ ನಮಗೆ ಇದನ್ನು ಯಾರೂ ಹೇಳಲಿಲ್ಲ, ಆ ಬೇಜಾರು ನನಗೆ ಇನ್ನೂ ಇದೆ. ಅವರು ಮಾತು ಕಲಿಸೋರು ಅಂತಲೇ ನಾವು ತಿಳಿದಿದ್ದೆವು. ನುಂಗುವುದನ್ನು ಕಲಿಸುವುದೂ ಅವರದೇ ಕೆಲಸ. ನಮ್ಮ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಹತ್ತಿರ, ಹಾಸನದಿಂದ ಹೊಳೆನರಸೀಪುರದ ಮೇಲೆ ರೈಲೂ ಇದೆ. ಬೇರಿಯಂ ಬೆರೆಸಿದ ತುತ್ತು ಕೊಟ್ಟು, ಅದು ಯಾವ ದಾರಿ ಹಿಡಿಯುತ್ತದೆ ಅಂತ ಎಕ್ಸ್‌ರೇ ವಿಡಿಯೋದಲ್ಲಿ ನೋಡುವ ಪರೀಕ್ಷೆ ಇದೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದೂ ಇದೆ.

ಯಾರದೋ ವಿಡಿಯೋ ನೋಡಿ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಗದ್ದ ಎದೆಗೆ ಒತ್ತಿ ನುಂಗಬೇಕು ಅಂತ ನೆಂಟರೊಬ್ಬರು ಹೇಳಿದರು, ಅಪ್ಪ ಹಾಗೆ ಮಾಡಿದರೆ ತುತ್ತು ಬಾಯಿಂದಲೇ ಆಚೆ ಬೀಳುತ್ತಿತ್ತು. ಅವರಿಗೆ ಥೆರಪಿಸ್ಟ್ ಹೇಳಿಕೊಟ್ಟದ್ದು ತಲೆಯನ್ನು ಬಲಕ್ಕೆ, ಚೆನ್ನಾಗಿರುವ ಕಡೆಗೆ ವಾಲಿಸಿ ನುಂಗುವುದು. ನಿಮ್ಮ ತಂದೆಗೆ ಬೇರೆಯೇ ಇರಬಹುದು.

ಊಟಕ್ಕೆ ಬರೋಣ. ಮುದ್ದೆ ಬೇಕು ಅಂತ ಅಪ್ಪ ಮಗುವಿನ ಹಾಗೆ ಹಟ ಮಾಡುತ್ತಿದ್ದರು. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ಮುರಿದು ಸಾರಿಗೆ ಅದ್ದಿ ನಾಲಿಗೆಯಿಂದ ಹಿಂದಕ್ಕೆ ತಳ್ಳಿ ನುಂಗುತ್ತೇವೆ. ಅದು ಪೂರ್ತಿ ನಾಲಿಗೆಯ ಕೆಲಸ, ಅದೇ ಅವರಲ್ಲಿ ಅರ್ಧ ಇರಲಿಲ್ಲ. ಅಮ್ಮ ಅದೇ ರಾಗಿ ಹಿಟ್ಟನ್ನು ಗಂಟಿಲ್ಲದೆ ಕದಡಿ, ಜರಡಿ ಹಿಡಿದು, ಗಟ್ಟಿ ಅಂಬಲಿ ಮಾಡಿದರು. ಸ್ಪೂನ್ ಓರೆ ಮಾಡಿದರೆ ತೊಟ್ಟಿಕ್ಕಬಾರದು, ಒಟ್ಟಿಗೆ ಜಾರಬೇಕು, ಅದು ನಮ್ಮ ಅಳತೆ. ಅರ್ಧ ಸ್ಪೂನ್, ಎರಡು ಸಲ ನುಂಗುವುದು, ಆಮೇಲೆ ಮುಂದಿನದು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಸಾರಿನಲ್ಲಿ ತೇಲುವ ಇಡ್ಲಿ ಮೆತ್ತಗಿರುತ್ತದೆ ಅಂತ ಕೊಟ್ಟಿದ್ದೆವು, ತಪ್ಪಾಯಿತು. ನೀರು ಮುಂದೆ ಓಡುತ್ತದೆ, ಇಡ್ಲಿ ಬಾಯಲ್ಲೇ ಉಳಿಯುತ್ತದೆ. ನೀರು, ಕಾಫಿಯನ್ನು ಗಟ್ಟಿ ಮಾಡುವ ಪುಡಿ ಮೆಡಿಕಲ್‌ಗಳಲ್ಲಿ ಸಿಗುತ್ತದೆ, ಎಷ್ಟು ಹಾಕಬೇಕು ಅಂತ ಥೆರಪಿಸ್ಟನ್ನೇ ಕೇಳಿ.

ನೆಟ್ಟಗೆ ಕೂರಿಸಿಯೇ ತಿನ್ನಿಸಿ, ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆ ಎರಡು ಸಲವಾದರೂ ಬಾಯಿ ಶುಚಿ ಮಾಡಿಸಿ, ಎಂಜಲು ಶ್ವಾಸಕೋಶಕ್ಕೆ ಜಾರಿದರೆ ಬಾಯಿಯ ಕೊಳೆಯೂ ಜೊತೆಗೆ ಹೋಗುತ್ತದೆ. ಜ್ವರ, ಏದುಸಿರು, ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಊಟ ಕೊಡೋಕೆ ಹಾಕುವ ಮೂಗಿನ ನಳಿಗೆ ಇನ್ನೂ ಇದೆಯಾ, ರೇಡಿಯೇಷನ್ ಆಯಿತಾ ಅಂತ ನೀವು ಬರೆದಿಲ್ಲ. ನಳಿಗೆ ಇದ್ದರೆ ತೆಗೆಸೋಕೆ ಅವಸರ ಬೇಡ, ಊಟ ನಳಿಗೆಯಿಂದ ಸಿಗುತ್ತಿದ್ದರೇ ನುಂಗುವ ಅಭ್ಯಾಸ ನಿಶ್ಚಿಂತೆಯಾಗಿ ಆಗುವುದು. ಅದೆರಡನ್ನೂ ತಿಳಿಸಿ, ನನಗೆ ಗೊತ್ತಿರುವಷ್ಟು ಖಂಡಿತ ಹೇಳುತ್ತೇನೆ.