ಬಿ.ಕಾಂ. ಆಯಿತು, ಬೆಂಗಳೂರಿನ ಕರೆ ಬರಲಿಲ್ಲ

ಪ್ರಶ್ನೆ: ಈ ವರ್ಷ ಬಿ.ಕಾಂ. ಮುಗಿಸಿದೆ. ಬೆಂಗಳೂರಿನ ಕಂಪನಿಗಳಿಗೆ ಎಷ್ಟು ಅರ್ಜಿ ಹಾಕಿದರೂ ಕರೆಯೇ ಇಲ್ಲ. ಅಲ್ಲೇ ಪಿ.ಜಿ. (ಪೇಯಿಂಗ್ ಗೆಸ್ಟ್ ಕೋಣೆ) ಹಿಡಿದು ಹುಡುಕಲೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಈಗಲೇ ಹೊರಡಬೇಡಿ. ಮೊದಲ ಸುತ್ತು ಹೆಚ್ಚಾಗಿ ಫೋನು, ವಿಡಿಯೊದಲ್ಲೇ ಮುಗಿಯುತ್ತದೆ, ಕೆಲಸವಿಲ್ಲದೆ ಪಿ.ಜಿ. ಬಾಡಿಗೆ ಕಟ್ಟುವುದು ದಂಡ. ಮಳೆಗಾಲದಲ್ಲಿ ಮಾತ್ರ ನಮ್ಮ ಕಡೆಯ ಕರೆಂಟು, ನೆಟ್‌ವರ್ಕ್ ನಂಬುವಂತಿಲ್ಲ. ಸಂದರ್ಶನದ ದಿನ ಕುಶಾಲನಗರಕ್ಕೋ ಮೈಸೂರಿಗೋ ಇಳಿದು ಪರಿಚಿತರ ಮನೆಯಲ್ಲಿ ಕೂರಿ.

ರೆಸ್ಯೂಮೆ ಒಂದೇ ಪುಟ ಸಾಕು. ‘ಟ್ಯಾಲಿ, ಎಕ್ಸೆಲ್ ಗೊತ್ತು’ ಅಂತ ಎಲ್ಲರೂ ಬರೆಯುತ್ತಾರೆ, ಅದಕ್ಕೆ ಕಿಮ್ಮತ್ತಿಲ್ಲ. ಊರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಒಂದೆರಡು ತಿಂಗಳು ಕೂತು, ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಾನೇ ತಯಾರಾಗುವ ಪಟ್ಟಿ) ಜೊತೆ ತಾಳೆ ನೋಡುವುದನ್ನು ಕಲಿಯಿರಿ. ಬಿಲ್ ನಂಬರಿನ ಹಿಂದೆ ಒಂದು ಖಾಲಿ ಸ್ಪೇಸ್ ಉಳಿದರೂ ಎಕ್ಸೆಲ್‌ನಲ್ಲಿ ಎರಡು ಪಟ್ಟಿ ಹೊಂದಿಸುವ ಸೂತ್ರ ವಿಲುಕಪ್ ಕೈಕೊಡುತ್ತದೆ. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಸೂತ್ರ ಹಾಕಿದರೆ ಸರಿಹೋಗುತ್ತದೆ. ನಂಬರು ಒಂದು ಕಡೆ ಅಂಕಿಯಾಗಿ, ಇನ್ನೊಂದು ಕಡೆ ಟೆಕ್ಸ್ಟ್ ಆಗಿ ಕೂತಿದ್ದರೂ ಇದೇ ಗೋಳು. ಇಂಥದ್ದನ್ನು ಸಂದರ್ಶನದಲ್ಲಿ ಬಿಡಿಸಿ ಹೇಳಬಲ್ಲವರು ಕಡಿಮೆ.

ವರ್ಷಕ್ಕೆ 3 ಲಕ್ಷ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ ಕೈಗೆ 25,000 ಬರುವುದಿಲ್ಲ. ಮೂಲ ವೇತನ 12,500 ಇದ್ದರೆ ನಿಮ್ಮ ಪಿಎಫ್ 1,500, ಕಂಪನಿಯದ್ದೂ 1,500, ಗ್ರಾಚ್ಯುಟಿ ಸುಮಾರು 600 ಕಳೆದು ಉಳಿಯುವುದು 21,400ರ ಆಸುಪಾಸು. ಬಾಡಿಗೆ ಲೆಕ್ಕ ಇದರ ಮೇಲೆ ಹಾಕಿ.

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ.

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಯುವನಿಧಿ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬಹುದು: ಪದವೀಧರರಿಗೆ ತಿಂಗಳಿಗೆ 3,000 ರೂ., ಹೆಚ್ಚೆಂದರೆ ಎರಡು ವರ್ಷ. ಎಂ.ಕಾಂ.ಗೆ ಸೇರಿದರೆ ಸಿಗದು.