ಮನೆಯೊಳಗೇ ಇರುವ ಮಧುಮೇಹಿ ಬೆಕ್ಕಿಗೆ ಹುಣ್ಣು, ತುರಿಕೆ ಏಕೆ?

ಮಧುಮೇಹ ಸೋಂಕಿಗೆ ದಾರಿ ಮಾಡಿಕೊಡುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ. ಆದರೆ ಹುಣ್ಣಾಗುವಷ್ಟು ತುರಿಕೆಗೆ ಬೇರೆ ಕಾರಣವಿರುವ ಸಾಧ್ಯತೆಯೇ ಹೆಚ್ಚು. ಮೊದಲು ಚಿಗಟವನ್ನು ಅನುಮಾನಿಸಿ. ಹೊರಗೆ ಕಾಲಿಡದ ಬೆಕ್ಕಿಗೂ ಅದು ನಮ್ಮ ಬಟ್ಟೆಯ ಮೂಲಕ, ಮನೆಯ ನಾಯಿಯ ಮೂಲಕ ಬರುತ್ತದೆ. ಅಲರ್ಜಿಯಿದ್ದರೆ ಕೆಲವೇ ಕಡಿತ ಸಾಕು. ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ನಾಯಿಗಳಿಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನು ದಯವಿಟ್ಟು ಮುಟ್ಟಲೇಬೇಡಿ, ಬೆಕ್ಕಿಗೆ ಅದು ವಿಷ.

ಚಿಗಟವಲ್ಲದಿದ್ದರೆ ನುಸಿ, ಗಜಕರ್ಣ, ಆಹಾರದ ಅಲರ್ಜಿ. ವೈದ್ಯರು ತುರಿಕೆಗೆ ಸ್ಟೀರಾಯ್ಡ್ ಕೊಡಲು ಹೊರಟರೆ ಮಧುಮೇಹವನ್ನು ನೆನಪಿಸಿ: ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸಿ ಇನ್ಸುಲಿನ್ ಪ್ರಮಾಣದ ಲೆಕ್ಕವನ್ನೇ ಕೆಡಿಸುತ್ತದೆ.