ಮನೆ ಗೆಂಟ್‌ನಲ್ಲಿ ಮಾಡಿ, ಲಾಟೆಮ್‌ಗೆ ಸೈಕಲ್‌ನಲ್ಲಿ ಹೋಗಿ

ನಮಸ್ಕಾರ. ಕೆಲಸ ಸಿಕ್ಕಿ ಬೆಲ್ಜಿಯಂನ ಗೆಂಟ್‌ಗೆ ಬರುತ್ತಿದ್ದೀರಿ, ಚಿತ್ರ ಬರೆಯುತ್ತೀರಿ. ಹತ್ತಿರದ ಸಿಂಟ್ ಮಾರ್ಟೆನ್ಸ್ ಲಾಟೆಮ್ ಚಿತ್ರಕಾರರ ಹಳ್ಳಿಯಂತೆ, ಅಲ್ಲೇ ಬಾಡಿಗೆಗೆ ಇರಬಹುದಾ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ನನ್ನ ಮಾತು ಕೇಳಿ: ಮನೆ ಗೆಂಟ್‌ನಲ್ಲೇ ಹುಡುಕಿ. ಲಾಟೆಮ್ ಈಗ ದುಡ್ಡಿದ್ದವರ ಊರು. ಹೊಸ ಸಂಬಳದಲ್ಲಿ ಅಲ್ಲಿನ ಬಾಡಿಗೆ ಕಟ್ಟೋಕಾಗಲ್ಲ.

ಮೊದಲು ಹಾಗಿರಲಿಲ್ಲ. ಅದು ಬಡ ರೈತರ ಹಳ್ಳಿ, ಪಕ್ಕದಲ್ಲಿ ಲೈಯೆ ನದಿ, ಖರ್ಚು ಕಮ್ಮಿ. 1900ರ ಆಸುಪಾಸಿನಲ್ಲಿ ಶಿಲ್ಪಿ ಜಾರ್ಜ್ ಮಿನ್ನೆ, ಚಿತ್ರಕಾರರಾದ ಗುಸ್ತಾವ್ ವಾನ್ ಡ ವೂಸ್ಟೈನೆ, ವಲೇರಿಯಸ್ ಡ ಸಾಡೆಲೇರ್ ಅಲ್ಲಿ ನೆಲೆಸಿದರು. 1902ರಲ್ಲಿ ಬ್ರೂಗೆ ನಗರದಲ್ಲಿ ಹಳೆಯ ಫ್ಲೆಮಿಷ್ (ಈ ಸೀಮೆಯ) ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅದು ಇವರ ಮೇಲೆ ಗಾಢವಾದ ಗುರುತು ಬಿಟ್ಟಿತು. ವೂಸ್ಟೈನೆ ಬರೆದ ರೈತರ ಮುಖಗಳಲ್ಲಿ ಹಳೆಯ ಸಂತರ ಚಿತ್ರಗಳ ಶಾಂತಿ ಇದೆ.

ಆಮೇಲಿನ ತಲೆಮಾರು ಗುಸ್ತ್ ಡ ಸ್ಮೆತ್, ಫ್ರಿತ್ಸ್ ವಾನ್ ಡನ್ ಬೆರ್ಗೆ, ಕಾನ್‌ಸ್ಟಂಟ್ ಪೆರ್ಮೆಕೆ ಅವರದ್ದು. ಇವರ ಕತೆ ನನಗೆ ಜಾಸ್ತಿ ಹತ್ತಿರ. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಮೊದಲ ತಲೆಮಾರಿನ ಆ ಮೂವರು ವೇಲ್ಸ್‌ಗೆ ಹೋದರು. ಡ ಸ್ಮೆತ್, ಬೆರ್ಗೆ ನೆದರ್‌ಲ್ಯಾಂಡ್ಸ್‌ಗೆ ಹೋದರು. ಆಂಟ್‌ವರ್ಪ್ ಕಾಳಗದಲ್ಲಿ ಗಾಯಗೊಂಡ ಪೆರ್ಮೆಕೆ ಇಂಗ್ಲೆಂಡ್ ಸೇರಿದ. ಅಲ್ಲಿ 1916ರಲ್ಲಿ ಅವನು ಬರೆದ ದೊಡ್ಡ ಚಿತ್ರದ ಹೆಸರೇ 'ಪರಕೀಯ'. ಪರ ಊರಿನಲ್ಲಿ ಕೂತು ಆ ಹೆಸರಿಟ್ಟಿದ್ದಾನೆ, ನೋಡಿ. ಮೊದಲ ವರ್ಷ ನಾನು ಮನೆಗೆ ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಎನ್ನುತ್ತಿದ್ದೆ, ಫೋನ್ ಇಟ್ಟು ಸುಮ್ನೆ ಕೂರುತ್ತಿದ್ದೆ. ಆ ಚಿತ್ರದ ಬಗ್ಗೆ ಓದಿದಾಗ ನನ್ನ ಪಾಡನ್ನು ಯಾರೋ ನೂರು ವರ್ಷದ ಹಿಂದೆಯೇ ಅರಿತಿದ್ದರು ಅನ್ನಿಸಿತು. ಡ ಸ್ಮೆತ್, ಬೆರ್ಗೆ 1922ರಲ್ಲಿ ಮರಳಿದರು. ಹಳೆಯ ನದಿ, ಹಳೆಯ ಹೊಲಗಳೇ. ಆದರೆ ಹೊರಗೆ ನೋಡಿದ ಹೊಸ ಕಲೆ ಕೈಗೆ ಬಂದಿತ್ತು. ಅವರ ಚಿತ್ರದ ಜನರ ಮೈಕಟ್ಟು ದಪ್ಪ, ಬಣ್ಣ ಮಣ್ಣಿನದು.

ಬಂದ ಮೊದಲ ವಾರವೇ ಹಳೆಯ ಸೈಕಲ್ ಒಂದು ಕೊಂಡುಕೊಳ್ಳಿ. ಲಾಟೆಮ್ ಹತ್ತು ಕಿಲೋಮೀಟರ್ ಅಷ್ಟೇ, ದಾರಿ ಸಮತಟ್ಟು. ಪಕ್ಕದ ಡ್ಯೂರ್ಲೆಯಲ್ಲಿ ಡ ಸ್ಮೆತ್ ಕೊನೆಯವರೆಗೆ ಇದ್ದ. 1968ರಲ್ಲಿ ಶುರುವಾದ ಧೋಂತ್-ಧಾನೆನ್ಸ್ ಕಲಾ ಮ್ಯೂಸಿಯಂ ಕೂಡ ಅಲ್ಲೇ ಇದೆ. ಮಳೆ ಬಂದರೆ ಗೆಂಟ್‌ನ ಲಲಿತಕಲಾ ಮ್ಯೂಸಿಯಂಗೆ ಹೋಗಿ, ಇವರ ಚಿತ್ರಗಳು ಅಲ್ಲೂ ಇವೆ.

ನವೆಂಬರ್ ಕೊನೆಗೆ ಸಂಜೆ ಐದಕ್ಕೆಲ್ಲ ಕತ್ತಲು. ಆಗ ಕೋಣೆಯಲ್ಲಿ ಒಬ್ಬರೇ ಕೂರಬೇಡಿ, ನನಗೆ ಹೇಳಿ. ಭಾನುವಾರ ಬೆಳಿಗ್ಗೆ ನದಿ ದಡಕ್ಕೆ ಹೋಗೋಣ. ಬಣ್ಣದ ಪೆಟ್ಟಿಗೆ ನೀವು ತನ್ನಿ, ಚಿತ್ರಾನ್ನ ನಾನು ತರುತ್ತೇನೆ.